ಮೇಡಂ ಕೈಗೆ ಬಂದೂಕು

ಸೆಪ್ಟೆಂಬರ್ 12, ಗುರುವಾರ

ಮಲಯ ದೇಶದ ಸುಬಾಂಗ್ ಜಯಾದಲ್ಲಿ ಮಗಳ ಮನೆ ಇರುವ ಈ ಹದಿನಾಲ್ಕನೇ ಮಹಡಿಗೆ ಬಂದು ಇಂದಿಗೆ ಎಂಟು ದಿನ. ಮೊಮ್ಮಗಳು ಪೂರ್ವಿ ನನ್ನೊಡನೆ ಕನ್ನಡದಲ್ಲಿ ಆಡಿದ ಮಾತು: ಸೊನ್ನೆ. "ಅಜ್ಜಿ" ಎನ್ನುವುದನ್ನೂ ಹಿಡಿದರೆ ಒಂದು. ಹದಿಮೂರು ವರ್ಷದ ಹುಡುಗಿ, ನಾನು ಹೇಳುವುದೆಲ್ಲ ಚೆನ್ನಾಗಿಯೇ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನನ್ನ ಮಗಳು ತೃಪ್ತಿಯನ್ನು ಕೇಳಿದರೆ "ಇಲ್ಲಿ ಮಕ್ಕಳೆಲ್ಲ ಹಾಗೇ ಅಮ್ಮ" ಅನ್ನುತ್ತಾಳೆ. ಎಲ್ಲರ ಮಕ್ಕಳೂ ಹಾಗೇ ಇದ್ದುಕೊಳ್ಳಲಿ. ತಿಪಟೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಸಮಾಜ ಪಾಠ ಹೇಳಿದ ರತ್ನ ಮೇಡಂ ಮೊಮ್ಮಗಳು ಹಾಗಿರಕೂಡದು. ನವೆಂಬರ್ ಒಂಬತ್ತಕ್ಕೆ ವಾಪಸ್ ಟಿಕೆಟ್. ಅಷ್ಟರೊಳಗೆ ಅವಳು ನನ್ನ ಮುಖ ನೋಡಿ, ನನಗೇ ಅಂತ, ಒಂದು ಪೂರ್ತಿ ಕನ್ನಡ ವಾಕ್ಯ ಹೇಳಬೇಕು. ಹೇಳಿಸದೆ ವಿಮಾನ ಹತ್ತುವವಳಲ್ಲ ನಾನು.

ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳಿದ್ದು ಕೇಳಿ ತುತ್ತು ಕೈಯಲ್ಲೇ ನಿಂತಿತು. ಇಂದು ಅವರ ಶಾಲೆಯಲ್ಲಿ ಒಂದು ಅಭ್ಯಾಸ ಮಾಡಿಸಿದರಂತೆ. ಗಂಟೆ ಹೊಡೆದ ಕೂಡಲೇ ಬಾಗಿಲಿಗೆ ಚಿಲಕ ಹಾಕಿ, ದೀಪ ಆರಿಸಿ, ಮಕ್ಕಳೆಲ್ಲ ಮೇಜಿನ ಕೆಳಗೆ ಉಸಿರು ಬಿಡದೆ ಕೂರಬೇಕಂತೆ. ಯಾಕೆ ಅಂದರೆ, ಯಾವನಾದರೂ ಬಂದೂಕು ಹಿಡಿದು ನುಗ್ಗಿದರೆ ಅಂತ! "ಈ ದೇಶದಲ್ಲಿ ಬಂದೂಕು ಎಲ್ಲಿದೆಯೇ?" ಅಂದೆ. ಅಳಿಯಂದಿರು, ಅಂದರೆ ಪೃಥ್ವಿಯವರು, ವಿವರಿಸಿದರು. ಇಲ್ಲಿ ನಿಜದ್ದರಂತೆ ಕಾಣುವ ಆಟದ ಬಂದೂಕು ಇಟ್ಟುಕೊಂಡರೂ ಪೊಲೀಸರು ಬಿಡುವುದಿಲ್ಲವಂತೆ. ಆದರೆ ಪೂರ್ವಿಯದು ಅಂತರರಾಷ್ಟ್ರೀಯ ಶಾಲೆ, ಪುಸ್ತಕ ಬರುವುದು ಅಮೆರಿಕದಿಂದ, ಹಾಗಾಗಿ ಹೆದರಿಕೆಯೂ ಅಲ್ಲಿಂದಲೇ ಬಂದಿದೆ.

"ಮೇಜಿನ ಕೆಳಗೆ ಕೂತರೆ ಏನು ಬಂತು? ಮೇಷ್ಟ್ರುಗಳ ಕೈಗೆ ಒಂದೊಂದು ಬಂದೂಕು ಕೊಡಲಿ. ಒಬ್ಬ ಒಳಗೆ ಬರುತ್ತಾನಾ ನೋಡೋಣ" ಎಂದೆ.

"ಅಜ್ಜಿ, ದಟ್ಸ್ ದ ವರ್ಸ್ಟ್ ಐಡಿಯಾ ಲಾ," ಅಂದಳು ಪೂರ್ವಿ, ಇಲ್ಲಿನವರಂತೆ ಕೊನೆಗೊಂದು ಲಾ ಸೇರಿಸಿ. ಅಳಿಯಂದಿರು ತಟ್ಟೆಯೊಳಗೆ ಮುಖ ಇಟ್ಟರು. ಇಷ್ಟು ಉದ್ದ ಇದ್ದಾಳೆ, ನನಗೆ ಬುದ್ಧಿ ಹೇಳುತ್ತಾಳೆ, ಅದೂ ಇಂಗ್ಲಿಷಿನಲ್ಲಿ.

ಸೆಪ್ಟೆಂಬರ್ 15, ಭಾನುವಾರ

ಇಂದು ಬಹಳ ಒಳ್ಳೆಯ ದಿನ.

ಈ ಸುತ್ತಿನ ಕಟ್ಟಡಗಳಲ್ಲಿರುವ ಕನ್ನಡದ ಮನೆಗಳವರು ಭಾನುವಾರ ಭಾನುವಾರ ಕೆಳಗಿನ ಹಾಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಕಲಿಸುತ್ತಿದ್ದ ಹುಡುಗಿಗೆ ದೂರದ ಪೆನಾಂಗಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೊರಟುಹೋಗಿದ್ದಾಳೆ. ತೃಪ್ತಿ ನನ್ನನ್ನು ಸುಮ್ಮನೆ ನೋಡಿ ಬರೋಣವೆಂದು ಕರೆದುಕೊಂಡು ಹೋದಳು. ಅವರ ಕನ್ನಡ ಸಂಘದ ಕಾರ್ಯದರ್ಶಿ ಬಾಗಿಲಲ್ಲೇ ಕಾಫಿ ಕುಡಿಯುತ್ತ ನಿಂತಿದ್ದ. ನಡುನೆತ್ತಿ ಬೋಳು, ಎರಡು ಫೋನು, ದೊಡ್ಡ ಮನುಷ್ಯನ ಗತ್ತು. ನನ್ನನ್ನು ಕಂಡವನೇ ಲೋಟ ಕೆಳಗಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತ.

"ಗುಡ್ ಮಾರ್ನಿಂಗ್ ಮೇಡಂ," ಅಂದ. ಆಗ ಮಧ್ಯಾಹ್ನ ಮೂರು ಗಂಟೆ.

"ಯಾರಪ್ಪಾ ನೀನು?"

"ವಿಠಲ, ಮೇಡಂ. ತೊಂಬತ್ತೇಳನೇ ಇಸವಿ, ಒಂಬತ್ತನೇ ಬಿ ಸೆಕ್ಷನ್, ಮೂರನೇ ಬೆಂಚು."

ನನಗೆ ನೆನಪಾಗಲಿಲ್ಲ. ಹಾಗೆಂದು ಹೇಳಲಿಲ್ಲ. "ಓ, ವಿಠಲ!" ಅಂದೆ. ಅವನು ಎಲ್ಲರನ್ನೂ ಕರೆದು, "ಇವರ ಏಟು ತಿಂದೇ ನಾನು ಇವತ್ತು ಇಷ್ಟಾಗಿರೋದು" ಅಂದ. ಕಣ್ಣಲ್ಲಿ ನೀರು ಬಂತು, ನನಗೆ. ಅಲ್ಲೇ ನಿಂತ ನಿಲುವಿನಲ್ಲಿ ತರಗತಿಯನ್ನು ನನಗೆ ಒಪ್ಪಿಸಿದ. ಸಂಬಳವಿಲ್ಲ. ಮರ್ಯಾದೆ ಇದೆಯಲ್ಲ, ಸಾಕು.

ಸೆಪ್ಟೆಂಬರ್ 16, ಸೋಮವಾರ

ಕೆಳಗೆ ತಮಿಳರ ದಿನಸಿ ಅಂಗಡಿ ಇದೆ. ಬೆತ್ತ ಕೇಳೋಣವೆಂದು ಹೋದರೆ, ಅಯ್ಯೋ ರಾಮ, ಪೊರಕೆಗಳ ಪಕ್ಕದಲ್ಲಿ ಒಂದು ಕಟ್ಟು ನೇತುಹಾಕಿದ್ದಾರೆ! ಇಲ್ಲಿ ಅದಕ್ಕೆ ರೋತಾನ್ ಅನ್ನುತ್ತಾರೆ. ಸಣ್ಣಗೆ, ನುಣ್ಣಗೆ ಇದೆ, ಹಿಡಿಗೆ ಬಣ್ಣದ ಪ್ಲಾಸ್ಟಿಕ್ ಬೇರೆ. ನಮ್ಮೂರಲ್ಲಿ ಹುಣಸೆ ಬರಲಿಗೆ ಹುಡುಗರನ್ನೇ ಮರ ಹತ್ತಿಸಿ, ಅದರಿಂದ ಮೊದಲ ಏಟು ಅವರಿಗೇ ಕೊಡುತ್ತಿದ್ದೆವು. ಇಲ್ಲಿ ಎಷ್ಟು ಅನುಕೂಲ. ಗುಲಾಬಿ ಹಿಡಿಯದ್ದು ಆರಿಸಿದೆ.

"ಯಾರುಕ್ಕು ಅಮ್ಮಾ?" ಅಂದ ಅಂಗಡಿಯವನು, ಯಾರಿಗೆ ಅಂತ. ನಾನು ಟೀಚರ್ ಎಂದೆ. ಅವನೂ ಕೈ ಹಿಂದೆ ಕಟ್ಟಿಕೊಂಡ. ಒಳ್ಳೆಯ ಸಂಸ್ಕಾರ.

ಹೊಡೆಯುವುದಿಲ್ಲವೆಂದು ತೃಪ್ತಿಗೆ ಮಾತು ಕೊಟ್ಟಿದ್ದೇನೆ. ಸುಮ್ಮನೆ ಕೈಯಲ್ಲಿರುತ್ತದೆ. ಅದಿಲ್ಲದೆ ನನಗೆ ಬಾಯಿಯೇ ಬರುವುದಿಲ್ಲ.

ಸೆಪ್ಟೆಂಬರ್ 22, ಭಾನುವಾರ. ಹಾಜರಿ 14

ಮೊದಲ ತರಗತಿ. ಇಂಗ್ಲಿಷ್ ಮಾತಾಡಿದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂದು ನಿಯಮ ಮಾಡಿದೆ. ಅರ್ಧ ಗಂಟೆಯಲ್ಲಿ ಗೋಡೆಯಲ್ಲಿ ಜಾಗ ಉಳಿಯಲಿಲ್ಲ. ಕೊನೆಗೆ ನಾನು, ಮೂರು ಮಕ್ಕಳು, ಒಂದು ಬೋರ್ಡು. ಕೂತಿದ್ದವರಲ್ಲಿ ಒಬ್ಬ ಹುಬ್ಬಳ್ಳಿ ಕಡೆಯ ತಾಹೆರಾ ಅವರ ಮಗ ಅಬೀದ್. ಹನ್ನೊಂದು ವರ್ಷ, ಮನೆಯಲ್ಲಿ ಕನ್ನಡ ಆಡುತ್ತಾರಂತೆ, ಚುರುಕು.

ನವೆಂಬರ್ 1ರ ರಾಜ್ಯೋತ್ಸವವನ್ನು ಇಲ್ಲಿ 3ರ ಭಾನುವಾರ ಮಾಡುತ್ತಾರೆ. ಮಕ್ಕಳಿಂದ ಚರ್ಚಾಸ್ಪರ್ಧೆ ಮಾಡಿಸಬೇಕೆಂದು ವಿಠಲನ ಆಸೆ. ವಿಷಯ ನೀವೇ ಆರಿಸಿ ಎಂದೆ. ಅಬೀದ್ "ಮನ್ಯಾಗ ಬೆಕ್ಕು ಇರಬೇಕೋ ತಮ್ಮ ಇರಬೇಕೋ" ಅಂದ. ಉಳಿದವರು ಗುಸುಗುಸು ಮಾಡಿ ಕೈ ಎತ್ತಿದ್ದು ಬೇರೆಯದಕ್ಕೆ: ಶಾಲೆಯ ರಕ್ಷಣೆಗೆ ಶಿಕ್ಷಕರಿಗೆ ಬಂದೂಕು ಕೊಡಬೇಕೇ? ಎಲ್ಲರ ಶಾಲೆಯಲ್ಲೂ ಆ ಮೇಜಿನ ಕೆಳಗಿನ ಅಭ್ಯಾಸ ಆಗಿದೆಯಂತೆ. ಸರಿ, ಕೊಡಬೇಕು ಎನ್ನುವವರು ಯಾರು? ಒಬ್ಬರೂ ಇಲ್ಲ. ಹದಿನಾಲ್ಕಕ್ಕೆ ಹದಿನಾಲ್ಕೂ ಬೇಡವೆನ್ನುವ ಪಕ್ಷ. ಭುವನ್ ಎಂಬ ಹುಡುಗನನ್ನು ಕಿವಿ ಹಿಡಿದು ಈಚೆ ಕೂರಿಸಿದೆ. ಅಂದರೆ ಹಿಡಿಯಲಿಲ್ಲ, ಹಿಡಿಯುವಂತೆ ಮಾಡಿದೆ ಅಷ್ಟೆ.

ಪೂರ್ವಿ ಕೊನೆಯ ಸಾಲಿನಲ್ಲಿ ಕೂತು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಲೇ ಇದ್ದಳು. ಬಾಯಿ ಬಿಡದಿದ್ದರೇನು, ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಳಲ್ಲ. ಮೇಷ್ಟ್ರ ಮನೆತನದ ರಕ್ತ.

ಸೆಪ್ಟೆಂಬರ್ 29, ಭಾನುವಾರ. ಹಾಜರಿ 11

ಭುವನನ ತಾಯಿ ಫೋನ್ ಮಾಡಿದರು. "ಆಂಟಿ, ನನ್ ಮಗ ಗನ್ ಬೇಕು ಗನ್ ಬೇಕು ಅಂತ ಸ್ಟೇಜ್ ಮೇಲೆ ಕೂಗೋದು ಬೇಡ. ಯಾರಾದ್ರೂ ವಿಡಿಯೋ ಮಾಡಿ ಹಾಕಿದ್ರೆ ಅವರಪ್ಪನ ಕೆಲಸಕ್ಕೇ ಕುತ್ತು." ಕನ್ನಡದಲ್ಲಿ ಹೇಳಿದರೆ ಇಲ್ಲಿನ ಪೊಲೀಸರಿಗೆ ಹೇಗೆ ತಿಳಿಯುತ್ತದೆ ಎಂದೆ. ಇಟ್ಟುಬಿಟ್ಟರು.

ಇನ್ನು ಒಂದು ಪಕ್ಷಕ್ಕೆ ಜನವೇ ಇಲ್ಲ. ಚರ್ಚೆ ನಡೆಯುವುದು ಹೇಗೆ? ಯೋಚಿಸಿ ಯೋಚಿಸಿ ಕೊನೆಗೆ ನಾನೇ ನಿಲ್ಲುತ್ತೇನೆ ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಸಲ ಪೂರ್ವಿ ನಕ್ಕಿದ್ದನ್ನು ಕಂಡೆ.

ಅಕ್ಟೋಬರ್ 4, ಶುಕ್ರವಾರ

ವಾದಕ್ಕೆ ಸಾಕ್ಷಿ ಬೇಕಲ್ಲ. ತೃಪ್ತಿ ಭಾರತೀಯರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿಗೆ ಹೂವು, ವೀಳ್ಯದೆಲೆ ತರಲು ಹೊರಟಿದ್ದಳು, ನಾನೂ ಹೋದೆ. ಅಲ್ಲಿ ಚಿನ್ನದ ಅಂಗಡಿಯೊಂದರ ಬಾಗಿಲಲ್ಲಿ ವಯಸ್ಸಾದ ಮಲಯ್ ಕಾವಲುಗಾರರು ಉದ್ದನೆಯ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು. ನೇರ ಹೋಗಿ ಮಾತಾಡಿಸಿದೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದು, ಆದ್ದರಿಂದ ಚೆನ್ನಾಗಿ ಹೊಂದಿಕೊಂಡಿತು. ನಾವಿಬ್ಬರೂ ತಡವರಿಸಿದಲ್ಲಿ ತೃಪ್ತಿ ಮಾತು ಜೋಡಿಸಿದಳು.

"ಎಷ್ಟು ವರ್ಷದಿಂದ ಇದ್ದೀರಿ?"

"ಹನ್ನೆರಡು."

"ಎಷ್ಟು ಕಳ್ಳರನ್ನು ಹೊಡೆದಿರಿ?"

ಅವರು ಹೆದರಿ ಅತ್ತಿತ್ತ ನೋಡಿದರು. ಒಬ್ಬನನ್ನೂ ಇಲ್ಲವಂತೆ. ಹಾಗಾದರೆ ಇಷ್ಟು ವರ್ಷ ಏನು ಮಾಡಿದಿರಿ ಎಂದೆ. ಆ ಮನುಷ್ಯ ಬಂದೂಕನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಹೇಳಿದ್ದು ಇಷ್ಟು: "ಮಕ್ಕಳು ಹತ್ತಿರ ಬಂದರೆ ಇದನ್ನು ಆಚೆ ತಿರುಗಿಸಬೇಕು. ಊಟಕ್ಕೆ ಹೋದರೆ ಇದನ್ನು ಯಾರ ಕೈಗೆ ಕೊಡಲಿ ಅಂತ ಯೋಚನೆ. ಕಕ್ಕಸಿಗೆ ಹೋದರೂ ಅದೇ ಯೋಚನೆ. ಅಂಗಡಿಯನ್ನು ಕ್ಯಾಮೆರಾ ಕಾಯುತ್ತೆ ಆಂಟಿ. ನಾನು ಬಂದೂಕನ್ನು ಕಾಯ್ತೀನಿ."

ಇದು ಎದುರು ಪಕ್ಷಕ್ಕೆ ಅನುಕೂಲವಾದ ಮಾತು. ಯಾರಿಗೂ ಹೇಳಕೂಡದು ಎಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗೂ ಹೇಳಿದೆ. ಬಾಯಿ ಸುಮ್ಮನಿರಬೇಕಲ್ಲ.

ಅಕ್ಟೋಬರ್ 6, ಭಾನುವಾರ. ಹಾಜರಿ 9

ತಾಲೀಮು. ನಾನು ಒಂದು ಕಡೆ, ಅಷ್ಟೂ ಮಕ್ಕಳು ಇನ್ನೊಂದು ಕಡೆ. ಅಬೀದ್ ಮೊದಲು ಎದ್ದ.

"ಮೇಡಂ, ಟೀಚರ್ ಬಂದೂಕು ಎಲ್ಲಿ ಇಡ್ತಾರ್ರಿ? ಡ್ರಾಯರಿನ್ಯಾಗ ಇಟ್ರ ಭುವನ್ ತಗೀತಾನ್ರಿ."

"ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ."

"ನೀವು ಸೀರಿ ಉಟ್ಟೀರಿ. ಬೋರ್ಡಿನ ಮ್ಯಾಲ ಬರಿಯಾಕ ಕೈ ಎತ್ತಿದ್ರ ಬೀಳ್ತೈತ್ರಿ. ಢಮ್ ಅಂತೈತ್ರಿ. ಮುಂದಿನ ಬೆಂಚಿನಾಗ ನಾನ ಇರ್ತೀನ್ರಿ."

ಮಕ್ಕಳು ಹೋ ಎಂದು ನಕ್ಕರು. ರೋತಾನ್‌ನಿಂದ ಮೇಜಿಗೆ ಒಂದು ಬಾರಿಸಿ, "ಕೂತ್ಕೊಳ್ಳೋ, ತಲೆಹರಟೆ!" ಎಂದೆ. ಕೂತ. ಎಲ್ಲರೂ ಕೂತರು. ಚರ್ಚೆಯಲ್ಲಿ ನಾನು ಗೆದ್ದೆ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಹಾಲಿನಲ್ಲಿ ಎಲ್ಲರೂ ಸೇರಿ ಮಾಡಿದೆವು. ಲ್ಯಾಪ್‌ಟಾಪು, ಕಾರಿನ ಕೀಲಿ, ಬ್ಯಾಡ್ಮಿಂಟನ್ ಬ್ಯಾಟು, ಮಿಕ್ಸಿ, ಎಲ್ಲಕ್ಕೂ ಕುಂಕುಮ. ಊರಿನಲ್ಲಿ ಪ್ರತಿ ವರ್ಷ ಸ್ಟಾಫ್ ರೂಮಿನಲ್ಲಿ ಚಾಕ್‌ಪೀಸು, ಡಸ್ಟರು, ಭೂಪಟ, ಬೆತ್ತ ಇಟ್ಟು ನಾವು ಪೂಜೆ ಮಾಡುತ್ತಿದ್ದದ್ದು. ಹಾಗೆಯೇ ಇಲ್ಲೂ ರೋತಾನ್ ಇಟ್ಟು ಸೇವಂತಿಗೆ ಏರಿಸಿದೆ. ಗುಲಾಬಿ ಹಿಡಿಗೆ ಕುಂಕುಮ ಚೆನ್ನಾಗಿ ಕಂಡಿತು. ಮಂಗಳಾರತಿ ತೆಗೆದುಕೊಳ್ಳಲು ಬಂದ ವಿಠಲ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು ಅಲ್ಲಿಂದಲೇ ಕೈ ಮುಗಿದ. ಭಕ್ತಿ ಎಂದರೆ ಅದು.

ಪೂರ್ವಿ ಪಕ್ಕಕ್ಕೆ ಬಂದು ರೋತಾನ್ ತೋರಿಸಿ ಕೇಳಿದಳು. ಇಂಗ್ಲಿಷಿನಲ್ಲೇ. ನೀನು ಇದಕ್ಕೆ ಥ್ಯಾಂಕ್ಸ್ ಹೇಳುತ್ತೀಯಾ, ಅಥವಾ ಇದು ಯಾರಿಗಾದರೂ ಸಾರಿ ಹೇಳುತ್ತದಾ ಅಂತ. ಪೂಜೆ ಹೊತ್ತಿನಲ್ಲಿ ಎಂಥ ಅಧಿಕಪ್ರಸಂಗ! ಕೋಸಂಬರಿ ಬಡಿಸು ಹೋಗು ಎಂದೆ. ಅದೇನು ಪ್ರಶ್ನೆಯೋ, ಈಗ ಬರೆಯಲು ಕೂತಾಗಲೂ ತಲೆಯಲ್ಲೇ ಇದೆ.

ಅಕ್ಟೋಬರ್ 13, ಭಾನುವಾರ. ಹಾಜರಿ 6

ತಲೆನೋವು. ಏನೂ ಬರೆಯುವುದಿಲ್ಲ.

ಅಕ್ಟೋಬರ್ 16, ಬುಧವಾರ

ತಾಹೆರಾ ಬಂದಿದ್ದರು, ಒಂದು ಡಬ್ಬಿ ಖೀರು ಹಿಡಿದುಕೊಂಡು. ಬಹಳ ಸಂಕೋಚದ ಹೆಂಗಸು. ಖೀರಿನ ವಿಷಯ ಹತ್ತು ನಿಮಿಷ ಮಾತಾಡಿದ ಮೇಲೆ ವಿಷಯಕ್ಕೆ ಬಂದರು.

"ತಪ್ಪು ತಿಳ್ಕೋಬ್ಯಾಡ್ರಿ ಮೇಡಂ. ನೀವು ಚೊಲೋ ಕಲಸ್ತೀರಿ. ಆದ್ರ ಅಬೀದ್ ರವಿವಾರ ಬಂತಂದ್ರ ಬಾತ್‌ರೂಮಿನ್ಯಾಗ ಹೋಗಿ ಕುಂದರ್ತಾನ್ರಿ. ಬಾಗಲಾ ಹಾಕ್ಕೊಂಡು, ಲೈಟ್ ಆರಿಸಿ, ಸಪ್ಪಳ ಮಾಡಂಗಿಲ್ಲ. ನಾ ಎಷ್ಟ್ ಕರದ್ರೂ ಉಸರೇ ಇಲ್ಲ."

ಬಾಗಿಲು ಹಾಕಿಕೊಂಡು, ದೀಪ ಆರಿಸಿ, ಉಸಿರಿಲ್ಲದೆ. ಇದನ್ನು ಎಲ್ಲೋ ಕೇಳಿದ್ದೇನೆ ಅನಿಸಿತು. ಅವರು ಹೋಗಿ ಅರ್ಧ ಗಂಟೆಯ ಮೇಲೆ ಎಲ್ಲಿ ಎಂದು ಗೊತ್ತಾಯಿತು. ಛೆ, ಛೆ. ಅದು ಬೇರೆ, ಇದು ಬೇರೆ. ನಾನೇನು ಬಂದೂಕು ಹಿಡಿದವಳೇ?

ಖೀರು ಚೆನ್ನಾಗಿತ್ತು. ಎರಡನೇ ಲೋಟ ಯಾಕೋ ಇಳಿಯಲಿಲ್ಲ.

ಅಕ್ಟೋಬರ್ 20, ಭಾನುವಾರ. ಹಾಜರಿ 8

ರೋತಾನ್ ಮನೆಯಲ್ಲೇ ಮರೆತು ಹೋಗಿದ್ದೆ. ಅಬೀದ್ ಬಂದಿದ್ದ. ಕೈ ಬರಿದಾಗಿ ಏನು ಮಾಡಬೇಕೋ ತೋಚದೆ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ತಿಪಟೂರಿನ ಕೊಬ್ಬರಿ ಮಂಡಿಯ ಕಥೆ ಹೇಳಿದೆ. ಪಾಠವೇ ಆಗಲಿಲ್ಲ. ಒಂದು ಗಂಟೆ ದಂಡ.

ಅಕ್ಟೋಬರ್ 27, ಭಾನುವಾರ. ಹಾಜರಿ 13

ಮತ್ತೆ ಮರೆತೆ. ವಯಸ್ಸಾಯಿತು ನೋಡಿ. ಮುಗಿದ ಮೇಲೆ ಮಕ್ಕಳು ನನ್ನನ್ನು ರಸ್ತೆಯಾಚೆಯ ಮಾಮಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ, ಎಳೆದುಕೊಂಡು ಹೋದರು. ಎತ್ತರದಿಂದ ಸುರಿದು ನೊರೆ ಎಬ್ಬಿಸುವ ಆ ಚಹಾ ಕುಡಿದೆ. ಎಲ್ಲರೂ ಇಂಗ್ಲಿಷಿನಲ್ಲಿ ಹರಟಿದರು. ಅಲ್ಲಿ ಗೋಡೆ ಇರಲಿಲ್ಲ, ಏನು ಮಾಡುವುದು? ಪೂರ್ವಿ ನನ್ನ ಪಕ್ಕದಲ್ಲೇ ಕೂತಿದ್ದಳು. ಇನ್ನು ಹದಿಮೂರು ದಿನ. ವಾಕ್ಯ: ಸೊನ್ನೆ.

ನವೆಂಬರ್ 3, ಭಾನುವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಹಾಲಿನಲ್ಲಿ ಎಂಬತ್ತು ಜನ. ಕೆಂಪು ಹಳದಿ ಬಾವುಟ, ಹಿಂದೆ ಬಿಸಿಬೇಳೆಬಾತಿನ ಪೊಟ್ಟಣಗಳು. ತೀರ್ಪುಗಾರರು ಮೂವರು, ಮಧ್ಯದಲ್ಲಿ ವಿಠಲ. ನಾನು ಮೊದಲು ಮಾತಾಡಿದೆ. ಏಳು ನಿಮಿಷ, ಚೀಟಿ ನೋಡದೆ. ಕಾಯುವವನ ಕೈ ಬರಿದಾಗಿರಬಾರದು, ಮಕ್ಕಳ ಪ್ರಾಣಕ್ಕಿಂತ ದೊಡ್ಡದಿಲ್ಲ, ಹೆದರಿಕೆಯಿಂದಲೇ ಶಿಸ್ತು, ಶಿಸ್ತಿನಿಂದಲೇ ರಕ್ಷಣೆ ಎಂದೆ. ಚಪ್ಪಾಳೆಯೋ ಚಪ್ಪಾಳೆ.

ಎದುರು ಪಕ್ಷದಿಂದ ಅಬೀದ್ ಎದ್ದ. ಮೈಕ್ ಹಿಡಿದ. ನನ್ನ ಮುಖ ನೋಡಿದ. ಬಾಯಿ ತೆರೆದ, ಮುಚ್ಚಿದ, ತೆರೆದ. ಢಮ್ ಅಂತೈತ್ರಿ ಎಂದು ಅಂದು ಅಷ್ಟು ಜೋರಾಗಿ ಹೇಳಿದ ಹುಡುಗನ ಗಂಟಲಿನಿಂದ ಒಂದಕ್ಷರ ಹೊರಡಲಿಲ್ಲ. ಹೇಳು ಮಗಾ ಎಂದು ಕಣ್ಣಲ್ಲೇ ಹುರಿದುಂಬಿಸಿದೆ. ಇನ್ನೂ ಬಿಳಿಚಿಕೊಂಡ. ನನ್ನ ಮುಖಕ್ಕೆ ಹುರಿದುಂಬಿಸುವುದು ಬರುವುದಿಲ್ಲವೋ ಏನೋ.

ಆಗ ಕೊನೆಯ ಸಾಲಿನಿಂದ ಪೂರ್ವಿ ಎದ್ದು ಬಂದು ಅವನ ಕೈಯಿಂದ ಮೈಕ್ ತೆಗೆದುಕೊಂಡಳು. ಅವಳು ಪಟ್ಟಿಯಲ್ಲೇ ಇರಲಿಲ್ಲ. ಪುಸ್ತಕ ಬಿಚ್ಚಿದಳು. ಆಮೇಲೆ, ನನ್ನ ಕಿವಿಯನ್ನು ನಾನೇ ನಂಬಲಿಲ್ಲ, ಕನ್ನಡ!

"ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿ ಒಳ್ಳೆ ಟೀಚರ್. ಕೆಟ್ಟ ಟೀಚರ್‌ಗೆ ಗನ್ ಕೊಡಬಾರ್ದು ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ನಾನು ಒಳ್ಳೆ ಟೀಚರ್‌ನ ನೋಡಿ ಬರ್ಕೊಂಡೆ. ಮೊದಲ್ನೇ ಕ್ಲಾಸಲ್ಲಿ ಒಂದು ಗಂಟೇಲಿ ಅಜ್ಜಿಗೆ ಹದಿನೇಳು ಸಲ ಸಿಟ್ಟು ಬಂತು. ಒಂಬತ್ತು ಸಲ ರೋತಾನ್ ಎತ್ತಿದ್ರು. ಒಂದ್ಸಲ ಅಬೀದ್ ಆಕಳಿಸಿದ ಅಂತ. ಒಂದ್ಸಲ ಏಸಿ ರಿಮೋಟ್ ಸಿಗ್ಲಿಲ್ಲ ಅಂತ, ಅದು ಅಜ್ಜಿ ಬ್ಯಾಗಲ್ಲೇ ಇತ್ತು. ಎರಡು ಸಲ ಯಾಕೆ ಅಂತ ನಂಗೆ ಗೊತ್ತಾಗ್ಲಿಲ್ಲ."

ಹಾಲಿಗೆ ಹಾಲೇ ನಕ್ಕಿತು. ತೃಪ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳಿಯಂದಿರು ಈ ಸಲ ಮುಖ ಬಚ್ಚಿಡಲು ತಟ್ಟೆ ಸಿಗದೆ ಒದ್ದಾಡಿದರು.

"ಅಜ್ಜಿ ಹೊಡೀಲಿಲ್ಲ. ರೋತಾನ್ ಎತ್ತಿ ಆಮೇಲೆ ಇಳಿಸಬಹುದು. ಗನ್ ಆದ್ರೆ ಒಂಬತ್ತು ಸಲ ಬೇಡ, ಒಂದ್ಸಲ ಸಾಕು. ಚಿನ್ನದಂಗಡಿ ಅಂಕಲ್ ಇಡೀ ದಿನ ಗನ್ ಕಾಯ್ತಾರೆ. ಟೀಚರ್ ಗನ್ ಕಾಯ್ತಾ ಇದ್ರೆ ನಮ್ಮನ್ನ ಯಾರು ನೋಡ್ತಾರೆ? ಇನ್ನೊಂದು ಹೇಳ್ತೀನಿ. ಹೊರಗಿಂದ ಯಾರೋ ಬಂದ್ರೆ ನಾವು ಮೇಜಿನ ಕೆಳಗೆ ಕೂತ್ಕೋತೀವಿ. ಟೀಚರನ್ನ ನೋಡಿದ್ರೇ ಹೆದರಿಕೆ ಆದ್ರೆ ಎಲ್ಲಿ ಕೂತ್ಕೋಬೇಕು? ನಮಗೆ ಏನಾದ್ರೂ ಭಯ ಆದ್ರೆ ಓಡಿ ಹೋಗಿ ಹೇಳಬೇಕು ಅನ್ನೋ ಥರ ಟೀಚರ್ ಇದ್ರೆ, ಅದೇ ರಕ್ಷಣೆ. ಕಳೆದ ಎರಡು ವಾರ ಅಜ್ಜಿ ರೋತಾನ್ ತರಲಿಲ್ಲ. ಸಿಟ್ಟು ಮೂರೇ ಸಲ. ಹಾಜರಿ ಹದಿಮೂರು. ಥ್ಯಾಂಕ್ ಯೂ."

ಎರಡು ನಿಮಿಷ ಚಪ್ಪಾಳೆ ನಿಲ್ಲಲಿಲ್ಲ. ನನಗೆ ಮೈಯೆಲ್ಲ ಉರಿ. ಆದರೂ ಎಂಥ ವಾದ! ಎಂಥ ಜೋಡಣೆ! ಮೂವತ್ತೆರಡು ವರ್ಷದಲ್ಲಿ ಇಂಥ ಒಬ್ಬ ವಿದ್ಯಾರ್ಥಿ ನನಗೆ ಸಿಗಲಿಲ್ಲ.

ತೀರ್ಪುಗಾರರು ಹತ್ತು ನಿಮಿಷ ಗುಸುಗುಸು ಮಾಡಿದರು. ವಿಠಲ ಬೆವರು ಒರೆಸಿಕೊಂಡು ಎದ್ದ. "ಮೊದಲನೇ ಬಹುಮಾನ... ನಮ್ಮೆಲ್ಲರ ಪೂಜ್ಯ ರತ್ನ ಮೇಡಂ ಅವರಿಗೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪೂರ್ವಿ ಪುಸ್ತಕ ಮುಚ್ಚಿದಳು. ಅಷ್ಟೇ ಮಾಡಿದ್ದು ಅವಳು, ಆದರೆ ಅದನ್ನು ನೋಡಲಾಗಲಿಲ್ಲ. ನಾನು ಎದ್ದು ನಿಂತೆ.

"ವಿಠಲ!"

ಅವನ ಕೈ ಎರಡೂ ಬೆನ್ನ ಹಿಂದೆ ಹೋದವು.

"ಮೇಡಂ."

"ಕಿವಿ ನೆಟ್ಟಗಿದೆಯಾ ನಿನಗೆ? ಯಾರು ಚೆನ್ನಾಗಿ ಮಾತಾಡಿದ್ದು?"

"ನೀವು ಮೇಡಂ."

"ನಿಜ ಹೇಳೋ!"

"ಪೂರ್ವಿ, ಮೇಡಂ."

"ಮತ್ತೆ ನನ್ನ ಹೆಸರು ಯಾಕೋ ಹೇಳಿದೆ, ಕತ್ತೆ?"

ನಲವತ್ತೊಂದು ವರ್ಷದವನು, ಆಫೀಸಿನಲ್ಲಿ ಮೂವತ್ತು ಜನರ ಮೇಲೆ ಅಧಿಕಾರ ನಡೆಸುವವನು, ಮೈಕ್ ಇರುವುದನ್ನೂ ಮರೆತು ಸಣ್ಣ ದನಿಯಲ್ಲಿ ಹೇಳಿದ: "ಹೆದರಿಕೆ ಆಯ್ತು ಮೇಡಂ."

ಮತ್ತೆ ಎಲ್ಲರೂ ನಕ್ಕರು. ಈ ಸಲ ನನಗೆ ನಗು ಬರಲಿಲ್ಲ. ಅವನು ಬೈಸಿಕೊಂಡು ಬೈಸಿಕೊಂಡು ಕೊನೆಗೂ ತೀರ್ಪು ತಿದ್ದಿದ, ಪೂರ್ವಿಗೆ ಬಹುಮಾನ ಕೊಟ್ಟ. ನಾನು ಹೊಡೆದದ್ದರಿಂದಲೇ ಇವನು ಇಷ್ಟಾದ ಎಂದು ನಂಬಿಕೊಂಡಿದ್ದೆ. ಒಂದು ಸಣ್ಣ ನಿಜ ಹೇಳಲೂ ಧೈರ್ಯವಿಲ್ಲ ಅವನಿಗೆ, ನನ್ನೆದುರು.

ಮನೆಗೆ ಬಂದು ಪೂರ್ವಿಯನ್ನು ಕೇಳಿದೆ. ಇಷ್ಟು ಚೆನ್ನಾಗಿ ಬರುತ್ತದಲ್ಲೇ, ನನ್ನ ಹತ್ತಿರ ಯಾಕೆ ಆಡುವುದಿಲ್ಲ? ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಐದು ವರ್ಷದವಳಿದ್ದಾಗ ತಿಪಟೂರಿಗೆ ಬಂದಿದ್ದಳಂತೆ. ಮೂರರ ಮಗ್ಗಿ ಕೇಳಿದೆನಂತೆ. ತಪ್ಪಿದಳಂತೆ. ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿನ ಮೇಲೆ ಹೊಡೆದೆನಂತೆ. ಆಮೇಲೆ, ಇಂಗ್ಲಿಷಿನಲ್ಲಿ ಮಾತಾಡಿದರೆ ಅಜ್ಜಿ ಯಾವ ಪ್ರಶ್ನೆಯೂ ಕೇಳುವುದಿಲ್ಲ ಅಂತ ಕಂಡುಕೊಂಡಳಂತೆ.

ಅವಳು ಇಂದು ಮಾತಾಡಿದ್ದು ಸಭೆಗೆ. ನನಗಲ್ಲ. ವಾಕ್ಯ: ಸೊನ್ನೆ.

ನವೆಂಬರ್ 5, ಮಂಗಳವಾರ

ಎಷ್ಟು ಯೋಚಿಸಿದರೂ ಆ ದಿನ ನೆನಪಾಗುತ್ತಿಲ್ಲ. ಅವಳು ಬಂದದ್ದು ನೆನಪಿದೆ, ಹಳದಿ ಫ್ರಾಕು ನೆನಪಿದೆ, ಉಯ್ಯಾಲೆಯ ಹಗ್ಗಕ್ಕೆ ಜೋತಾಡಿದ್ದು ನೆನಪಿದೆ. ಹೊಡೆದದ್ದು ಇಲ್ಲ.

ವಿಠಲನಿಗೆ ಫೋನ್ ಮಾಡಿದೆ. ನಿನಗೆ ಯಾಕೋ ಹೊಡೆದಿದ್ದೆ ನಾನು ಎಂದು ಕೇಳಿದೆ. "ಅಯ್ಯೋ ಬಿಡಿ ಮೇಡಂ" ಅಂದ. ಹೇಳು ಎಂದೆ. "ಪಾಣಿಪತ್ ಕದನ ಯಾವಾಗ ಅಂದ್ರಿ. ಸಾವಿರದ ಐನೂರ ಇಪ್ಪತ್ತಾರು ಅಂದೆ. ನೀವು ಎರಡನೇದು ಕೇಳಿದ್ರಂತೆ ಮೇಡಂ, ನಾನು ಮೊದಲನೇದು ಹೇಳಿದೆ. ಗುರುವಾರ. ಹಸಿರು ಸೀರೆ ಉಟ್ಟಿದ್ರಿ. ಆರು ಏಟು." ಅವನಿಗೆ ಸೀರೆಯ ಬಣ್ಣ ನೆನಪಿದೆ. ನನಗೆ ಅವನ ಮುಖವೂ ನೆನಪಿರಲಿಲ್ಲ.

ಮೂವತ್ತೆರಡು ವರ್ಷ. ಎಷ್ಟು ಅಂಗೈ. ಒಂದೂ ನೆನಪಿಲ್ಲವಲ್ಲ ನನಗೆ.

ನವೆಂಬರ್ 8, ಶುಕ್ರವಾರ

ಶಿಷ್ಯರ ಹತ್ತಿರ ಎಂದೂ ಹೇಳದ ಮಾತನ್ನು ಇಂದು ಹೇಳಿದೆ. ಮೂರು ದಿನದಿಂದ ನಾಲಿಗೆ ತುದಿಗೆ ಬಂದು ವಾಪಸ್ ಹೋಗುತ್ತಿತ್ತು. ಸಂಜೆ ಪೂರ್ವಿ ನನ್ನ ಸೂಟ್‌ಕೇಸಿಗೆ ಹಾಲಿಗೆ ಬೆರೆಸುವ ಮೈಲೋ ಪುಡಿಯ ಡಬ್ಬ ತುಂಬುತ್ತಿದ್ದಳು. ಪಕ್ಕದಲ್ಲಿ ಕೂತು, "ನನಗೆ ಅದು ನೆನಪಿಲ್ಲ ಕಣೇ. ಆದರೂ ತಪ್ಪಾಯ್ತು. ನನ್ನದೇ ತಪ್ಪು" ಎಂದೆ. ಅಳು ಬಂತು. ಅಳಲಿಲ್ಲ ಎಂದು ಬರೆಯೋಣವೆಂದಿದ್ದೆ, ಆದರೆ ಅತ್ತೆ.

ಅವಳು ಇನ್ನೊಂದು ಮೈಲೋ ಡಬ್ಬ ತಂದು ತುರುಕಿದಳು. ಇರಲಿ. ವಾಕ್ಯ ಕೇಳುವ ಹಕ್ಕು ಇನ್ನು ನನಗಿಲ್ಲ.

ನವೆಂಬರ್ 9, ಶನಿವಾರ. ವಿಮಾನದಲ್ಲಿ

ನಿಲ್ದಾಣದಲ್ಲಿ ಸಾಮಾನು ತೂಕ ಹಾಕುವಲ್ಲಿ ಜಗಳವಾಯಿತು. ಮೂರು ಕಿಲೋ ಜಾಸ್ತಿ ಎಂದಳು ಕೌಂಟರಿನ ಹುಡುಗಿ. ಮೈಲೋ ತೆಗೆಯಿರಿ ಎಂದಳು. ಮೊಮ್ಮಗಳು ತನ್ನ ಕೈಯಾರೆ ತುಂಬಿದ ಮೈಲೋ! ನಿಮ್ಮ ತಕ್ಕಡಿಯೇ ಸರಿಯಿಲ್ಲ, ನಿಮ್ಮ ಮೇಲಿನವರನ್ನು ಕರೆಯಿರಿ, ನಾನು ಯಾರು ಗೊತ್ತೇ ಎಂದು ಕನ್ನಡ, ಇಂಗ್ಲಿಷ್, ಬರುವಷ್ಟು ತಮಿಳು ಎಲ್ಲದರಲ್ಲೂ ಕೂಗಿದೆ. ಹಿಂದಿನ ಸಾಲು ಉದ್ದವಾಯಿತು. ತೃಪ್ತಿ ನೆಲ ನೋಡುತ್ತಿದ್ದಳು, ಅಳಿಯಂದಿರು ದೂರದ ಕಂಬ ನೋಡುತ್ತಿದ್ದರು.

ಪೂರ್ವಿ ನನ್ನೆದುರು ಬಂದು ನಿಂತಳು. ಸೊಂಟದ ಮೇಲೆ ಕೈ. ನನ್ನ ಮುಖವನ್ನೇ ನೋಡಿ, ಕನ್ನಡದಲ್ಲಿ ಹೇಳಿದಳು:

"ಅಜ್ಜಿ, ಆ ಅಕ್ಕನ ಮೇಲೆ ಕಿರುಚಬೇಡ, ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡು ಆ ಕಡೆ ನಿಂತ್ಕೋ, ಇದನ್ನ ನಾನು ನೋಡ್ಕೋತೀನಿ."

"ಏನೇ ಅದು, ಅಜ್ಜಿಗೆ ಹಾಗಾ ಅನ್ನೋದು!" ಎಂದು ತೃಪ್ತಿ ರೇಗಿದಳು. ನಾನು ಅವಳ ಕೈ ಹಿಡಿದು ತಡೆದೆ.

ಬಾಯಿ ಮುಚ್ಚಿಕೊಂಡು ಆ ಕಡೆ ಹೋಗಿ ನಿಂತೆ.